ಬಂಗಾರ ಅಡವಿಡಬೇಡಿ ಅಕ್ಕಾ

"ಮಗನಿಗೆ 23 ವರ್ಷ. ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿ ಮಣಿಪಾಲದ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ. ತಿಂಗಳಿಗೆ 18 ಸಾವಿರ. ಈಗ ಕ್ರೂಸ್ ಶಿಪ್ಪಿಗೆ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾನೆ. ಏಜೆಂಟರು ಎರಡೂವರೆ ಲಕ್ಷ ಕೇಳಿದ್ದಾರೆ. ತಿಂಗಳಿಗೆ ಸಾವಿರ ಡಾಲರ್ ಸಿಗುತ್ತದಂತೆ. ಕರಿಮಣಿ ಒಂದು ಬಿಟ್ಟು ಉಳಿದ ಬಂಗಾರ ಸೊಸೈಟಿಯಲ್ಲಿ ಅಡವಿಟ್ಟರೆ ಅಷ್ಟು ಆದೀತು. ಅವನನ್ನು ಕಳಿಸಬಹುದಾ?"
– ಕಾಪು ಬಳಿಯ ಓದುಗರೊಬ್ಬರು

ಅಕ್ಕಾ, ಮೊದಲು ಬಂಗಾರದ ವಿಷಯ ಮುಗಿಸೋಣ. ಅಡವಿಡಬೇಡಿ. ಮಗ ಹೋಗುವುದೋ ಬಿಡುವುದೋ ಆಮೇಲಿನ ಮಾತು.

ಹಡಗಿನ ಕೆಲಸ ಕೊಡಿಸಲು ಹುಡುಗರಿಂದ ದುಡ್ಡು ತೆಗೆದುಕೊಳ್ಳುವ ಹಾಗೇ ಇಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2006ರ ಕಡಲ ಕಾರ್ಮಿಕರ ಒಪ್ಪಂದ ಅಂತ ಒಂದಿದೆ. 2015ರಲ್ಲಿ ನಮ್ಮ ದೇಶವೂ ಅದನ್ನು ಒಪ್ಪಿಕೊಂಡಿದೆ. ಅದರ ಪ್ರಕಾರ ಪಾಸ್‌ಪೋರ್ಟ್, ಮೆಡಿಕಲ್ ಸರ್ಟಿಫಿಕೇಟ್, ಸಿಡಿಸಿ ಎನ್ನುವ ನಾವಿಕರ ಪುಸ್ತಕ, ಇಷ್ಟರ ಖರ್ಚು ಹುಡುಗನದ್ದು. ವೀಸಾ ಖರ್ಚು ಹಡಗಿನವರದ್ದು. ಕೆಲಸ ಕೊಡಿಸಿದ್ದಕ್ಕೆ ಏಜೆಂಟರಿಗೆ ಕೊಡಬೇಕಾದವರೂ ಹಡಗಿನವರೇ. ಜೊತೆಗೆ ಎಸ್‌ಟಿಸಿಡಬ್ಲ್ಯೂ ಅನ್ನುವ ಸುರಕ್ಷತಾ ತರಬೇತಿ ಆಗಬೇಕು. ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಲೈಫ್ ಜಾಕೆಟ್ ಹಾಕಿಕೊಂಡು ನೀರಿಗೆ ಹಾರುವುದು, ಇಂಥವು. ಅದರ ಫೀಸನ್ನು ನೇರವಾಗಿ ತರಬೇತಿ ಸಂಸ್ಥೆಗೇ ಕಟ್ಟಿ ರಶೀದಿ ತೆಗೆದುಕೊಳ್ಳಿ. (ಕಾಪುವಿನ ಹುಡುಗ ಅಂದಮಾತ್ರಕ್ಕೆ ಈಜು ಬರುತ್ತದೆ ಅಂತ ಇಲ್ಲ. ನನ್ನ ತಮ್ಮನಿಗೆ ಬರುತ್ತಿರಲಿಲ್ಲ.) ಎಲ್ಲ ಸೇರಿಸಿದರೂ ಎರಡೂವರೆ ಲಕ್ಷ ಯಾಕೆ ಬೇಕು? ನೀವು ಬೇರೇನೂ ಕೇಳಬೇಡಿ. "ನಿಮ್ಮ ಆರ್‌ಪಿಎಸ್‌ಎಲ್ ನಂಬರ್ ಎಷ್ಟು?" ಅಂತ ಮಾತ್ರ ಕೇಳಿ. ಹಡಗಿಗೆ ಜನ ಕಳಿಸುವವರಿಗೆ ಕೇಂದ್ರ ಸರಕಾರದ ಡಿಜಿ ಶಿಪ್ಪಿಂಗ್ ಕೊಡುವ ಲೈಸೆನ್ಸ್ ಅದು. ಪಟ್ಟಿ ಅವರ ವೆಬ್‌ಸೈಟಿನಲ್ಲೇ ಇದೆ. ನಂಬರ್ ಕೇಳಿದ ಕೂಡಲೇ "ಅದೆಲ್ಲ ಯಾಕೆ, ನಂಬಿಕೆ ಇಲ್ವಾ?" ಅಂದರೆ ಚಾ ಕುಡಿದು ಎದ್ದು ಬನ್ನಿ.

ಇಷ್ಟು ಖಡಕ್ಕಾಗಿ ಹೇಳುವುದಕ್ಕೆ ಕಾರಣ ಉಂಟು. ನನ್ನ ತಮ್ಮ ಕ್ರೂಸ್ ಹಡಗಿನಲ್ಲಿ ನಾಲ್ಕು ಕಾಂಟ್ರಾಕ್ಟ್, ಅಂದರೆ ಎಂಟೆಂಟು ತಿಂಗಳ ನಾಲ್ಕು ಸುತ್ತು, ಕೆಲಸ ಮಾಡಿ ಬಂದವನು. ಅದಕ್ಕೂ ಮೊದಲು ಮುಂಬೈಯ ಒಬ್ಬ ಏಜೆಂಟ್ ಅವನಿಂದ 60 ಸಾವಿರ ತೆಗೆದುಕೊಂಡ. ಎರಡು ತಿಂಗಳು ಬಿಟ್ಟು ಹೋಗಿ ನೋಡಿದರೆ ಆಫೀಸಿನ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಆ ದುಡ್ಡು ಇವತ್ತಿಗೂ ಬಂದಿಲ್ಲ.

ಇನ್ನು ಕೆಲಸದ ವಿಷಯ. ನಮ್ಮಲ್ಲಿ "ಮಗ ಶಿಪ್ಪಿನಲ್ಲಿದ್ದಾನೆ" ಅಂದರೆ ಒಂದು ತೂಕ. ಮದುವೆ ಮನೆಯಲ್ಲಿ ಮುಂದಿನ ಸಾಲಿನ ಕುರ್ಚಿ. ಆದರೆ ಪ್ರಯಾಣಿಕರು ನೋಡುವ ಹಡಗು ಬೇರೆ, ಕೆಲಸದವರು ನೋಡುವ ಹಡಗು ಬೇರೆ. ತಮ್ಮನ ಕ್ಯಾಬಿನ್ ನೀರಿನ ಮಟ್ಟಕ್ಕಿಂತ ಕೆಳಗಿತ್ತು. ಕಿಟಕಿ ಇಲ್ಲ. ಮೇಲೊಂದು ಕೆಳಗೊಂದು ಮಂಚ, ಇಬ್ಬರು ಜನ, ಎಳೆದುಕೊಳ್ಳಲು ಒಂದು ಪರದೆ. ಅಲಾರಂ ಹೊಡೆದಾಗ ಬೆಳಗ್ಗೆ ಐದೋ ಸಂಜೆ ಐದೋ ಅಂತ ಒಂದು ಕ್ಷಣ ಗೊತ್ತಾಗುತ್ತಿರಲಿಲ್ಲವಂತೆ. ದಿನಕ್ಕೆ ಹತ್ತು, ಹನ್ನೊಂದು ಗಂಟೆ ಕೆಲಸ. ಅದೂ ತುಂಡು ತುಂಡು: ಬೆಳಗ್ಗೆ ನಾಲ್ಕು ತಾಸು, ಮಧ್ಯಾಹ್ನ ಮೂರು ತಾಸು, ರಾತ್ರಿ ನಾಲ್ಕು ತಾಸು. ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕು ಅಂತ ನಾನು ಹೇಳಿದ ಅದೇ ಒಪ್ಪಂದದಲ್ಲಿದೆ. ಆದರೆ ಹಡಗಿನಲ್ಲಿ ವಾರದ ರಜೆ ಅನ್ನುವುದು ಸಿಗುವುದಿಲ್ಲ. ಭಾನುವಾರವೂ ಇಲ್ಲ, ಅಷ್ಟಮಿಯೂ ಇಲ್ಲ. ಎಂಟು ತಿಂಗಳಲ್ಲಿ ಒಂದು ಇಡೀ ದಿನ ರಜೆ ಅವನಿಗೆ ಸಿಕ್ಕಿದ್ದು ಜ್ವರ ಬಂದಾಗ.

ಒಂದು ದಿನದ ಕಥೆ ಹೇಳುತ್ತೇನೆ. ಅವನ ಎರಡನೇ ಕಾಂಟ್ರಾಕ್ಟಿನಲ್ಲಿ ಹಡಗು ನಮ್ಮ ಪಣಂಬೂರಿನ ಬಂದರಿಗೇ ಬಂತು. ಬೆಳಗ್ಗೆ ಬಂದು ಸಂಜೆ ಹೊರಡುವುದು. ಮನೆಯಲ್ಲಿ ಹಬ್ಬ. ಅಮ್ಮ ನಾಲ್ಕು ಗಂಟೆಗೇ ಎದ್ದು ನೀರುದೋಸೆ, ಬಂಗುಡೆ ಪುಳಿಮುಂಚಿ ಮಾಡಿದರು. ಟಿಫಿನ್ ಕ್ಯಾರಿಯರ್ ಹಿಡಿದುಕೊಂಡು ಹತ್ತು ಗಂಟೆಗೆ ಬಂದರಿನ ಗೇಟಿನ ಹೊರಗೆ ನಿಂತೆವು. ಪ್ರಯಾಣಿಕರ ಬಸ್ಸುಗಳು ಒಂದೊಂದಾಗಿ ಹೊರಟವು, ಕದ್ರಿ ದೇವಸ್ಥಾನಕ್ಕೆ, ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ. ತಮ್ಮ ಮಾತ್ರ ಬರಲಿಲ್ಲ. ಆ ದಿನ ಅವನಿಗೆ ಐಪಿಎಂ ಇತ್ತು. ಹಡಗು ದಡದಲ್ಲಿರುವಾಗಲೂ ಇಂತಿಷ್ಟು ಜನ ಒಳಗೇ ಇರಬೇಕು, ಬೆಂಕಿಗಿಂಕಿ ಬಿದ್ದರೆ ಬೇಕಲ್ಲ. ಆ ಪಾಳಿಗೆ ಹಾಗೆ ಹೇಳುತ್ತಾರೆ. ಕೊನೆಗೆ ಫಿಲಿಪೈನ್ಸಿನ ಗೆಳೆಯನೊಬ್ಬನ ಕೈಕಾಲು ಹಿಡಿದು ಪಾಳಿ ಬದಲಿಸಿಕೊಂಡು ಎರಡೂವರೆಗೆ ಓಡಿ ಬಂದ. ಮೂರೂಕಾಲಿಗೆ ವಾಪಸ್ ಹೋಗಬೇಕು. ರಿಕ್ಷಾದ ಹಿಂದಿನ ಸೀಟಿನಲ್ಲಿ ಕೂತು, ತೊಡೆಯ ಮೇಲೆ ಟಿಫಿನ್ನಿನ ಮುಚ್ಚಳ ಇಟ್ಟುಕೊಂಡು ಉಂಡ. ಆರು ನೀರುದೋಸೆ. ಮಾತೇ ಆಡಲಿಲ್ಲ. ಅಮ್ಮ ಅವನ ಕೈ ನೋಡುತ್ತಿದ್ದರು. ಸ್ಯಾನಿಟೈಸರ್ ನೀರಿನಲ್ಲಿ ಅದ್ದಿ ಅದ್ದಿ ಬೆರಳ ತುದಿಯ ಚರ್ಮ ಸುಲಿದಿತ್ತು. ಮನೆ ಅಲ್ಲಿಂದ 14 ಕಿಲೋಮೀಟರ್.

ಹಾಗಂತ ಕಳಿಸಬೇಡಿ ಅಂತ ನಾನು ಹೇಳುವುದಿಲ್ಲ. ಆ ಹಡಗಿನ ದುಡ್ಡಿನಿಂದಲೇ ನಮ್ಮ ಮನೆಗೆ ತಾರಸಿ ಬಂತು, ತಂಗಿಯ ಮದುವೆ ಸಾಲ ಇಲ್ಲದೆ ಆಯಿತು. ಹಡಗಿನಲ್ಲಿ ಬಾಡಿಗೆ ಇಲ್ಲ, ಊಟದ ಖರ್ಚಿಲ್ಲ, ಪೆಟ್ರೋಲ್ ಇಲ್ಲ. ಖರ್ಚು ಮಾಡಲು ಹೊತ್ತೂ ಇಲ್ಲ. ಕ್ರೂ ಬಾರಿನ ಕಡೆ ಜಾಸ್ತಿ ಹೋಗದಿದ್ದರೆ, ಇಂಟರ್‌ನೆಟ್ ಪ್ಯಾಕಿಗೆ ಸುರಿಯದಿದ್ದರೆ, ಉಳಿತಾಯ ಗ್ಯಾರಂಟಿ.

ಆದರೆ ಲೆಕ್ಕ ಸರಿಯಾಗಿ ಹಾಕಿ. ಏಜೆಂಟರು ಹೇಳಿದ ಸಾವಿರ ಡಾಲರ್ ನಿಜವೇ ಅಂದುಕೊಳ್ಳಿ. ಎಂಟು ತಿಂಗಳು ಕೆಲಸ, ಆಮೇಲೆ ಎರಡು ತಿಂಗಳು ಮನೆ. ಮನೆಯಲ್ಲಿರುವಾಗ ಸಾಮಾನ್ಯವಾಗಿ ಸಂಬಳ ಇಲ್ಲ. ಅಂದರೆ ಹತ್ತು ತಿಂಗಳಿಗೆ ಎಂಟು ಸಾವಿರ, ತಿಂಗಳಿಗೆ 800. ಆ ಸಾವಿರದಲ್ಲಿ ಖಾತ್ರಿ ಸಂಬಳ ಎಷ್ಟು, ಟಿಪ್ಸ್ ಎಷ್ಟು ಅಂತಲೂ ಕೇಳಿ. ಒಪ್ಪಂದದ ಕಾಗದದಲ್ಲಿ ಬರೆದದ್ದು ಮಾತ್ರ ಸಂಬಳ. ಪಿಎಫ್, ಪೆನ್ಷನ್ ಅಂತ ಕಾಯಬೇಡಿ. ಅದನ್ನು ನಾವೇ ಕಟ್ಟಿಕೊಳ್ಳಬೇಕು. ಮುಂದಿನ ಕಾಂಟ್ರಾಕ್ಟಿಗೆ ಕರೆ ಬರುವವರೆಗೆ ಕೆಲಸ ಇದೆ ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ. 2020ರಲ್ಲಿ ಕೊರೊನಾ ಬಂದಾಗ ಕ್ರೂಸ್ ಹಡಗುಗಳೆಲ್ಲ ನಿಂತುಹೋದವು. ಎಷ್ಟೋ ಹುಡುಗರು ಊರಿಗೆ ಬರಲು ದಾರಿ ಇಲ್ಲದೆ ಹಡಗಿನಲ್ಲೇ ಸಿಕ್ಕಿಬಿದ್ದರು. ಬಂದ ಮೇಲೆ ವರ್ಷಗಟ್ಟಲೆ ಕರೆ ಬರಲಿಲ್ಲ. ತಮ್ಮ ಆಗಲೇ ಬಿಟ್ಟದ್ದು.

ಅವನು ಕಲಿತದ್ದನ್ನೂ ಹೇಳಬೇಕು. ಅಮೆರಿಕದ ಬಂದರುಗಳಿಗೆ ಹೋಗುವ ಹಡಗುಗಳನ್ನು ಅಲ್ಲಿನ ಆರೋಗ್ಯ ಇಲಾಖೆಯವರು ಮುನ್ಸೂಚನೆ ಕೊಡದೆ ಬಂದು ತಪಾಸಣೆ ಮಾಡುತ್ತಾರೆ. 100ಕ್ಕೆ 86 ಬಂದರೆ ಪಾಸ್, 85 ಬಂದರೆ ಫೇಲ್! ಫ್ರಿಜ್ಜಿನ ರಬ್ಬರಿನ ಸಂದಿಗೆ ಟಾರ್ಚ್ ಹಾಕಿ ನೋಡುತ್ತಾರಂತೆ. ಅಡುಗೆಮನೆಯಲ್ಲಿ ಮೂರು ಬಕೆಟ್: ಕೆಂಪಿನಲ್ಲಿ ಸೋಪು ನೀರು, ಬೂದು ಬಣ್ಣದ್ದರಲ್ಲಿ ಬರೀ ನೀರು, ಬಿಳಿಯದರಲ್ಲಿ ಸ್ಯಾನಿಟೈಸರ್. ತಮ್ಮ ಈಗ ಸುರತ್ಕಲ್ಲಿನಲ್ಲಿ ಸಣ್ಣ ಕ್ಯಾಂಟೀನ್ ನಡೆಸುತ್ತಾನೆ. ಗೋಳಿಬಜೆ ಕರಿಯುವ ಒಲೆಯ ಪಕ್ಕದಲ್ಲಿ ಇವತ್ತಿಗೂ ಅದೇ ಮೂರು ಬಕೆಟ್. ಹೊಸದಾಗಿ ಸೇರಿದ ಹುಡುಗ ಬಿಳಿ ಬಕೆಟಿಗೆ ಸೋಪು ಹಾಕಿದರೆ ಅವನ ಕಥೆ ಮುಗಿಯಿತು.

ನನ್ನ ಅಭಿಪ್ರಾಯ ಕೇಳಿದರೆ, 23 ವರ್ಷದ ಹುಡುಗ, ಮೈಯಲ್ಲಿ ಕಸು ಇದೆ, ಹೋಗಲಿ. ಆದರೆ ಎಷ್ಟು ಕಾಂಟ್ರಾಕ್ಟ್ ಅಂತ ಹೋಗುವ ಮೊದಲೇ ಮನೆಯಲ್ಲಿ ಕೂತು ಮಾತಾಡಿ. ನಾಲ್ಕು ಅಂದರೆ ನಾಲ್ಕು. ಯಾವುದಕ್ಕೆ ದುಡಿಯುತ್ತಿದ್ದಾನೆ ಅಂತಲೂ ನಿಶ್ಚಯ ಮಾಡಿ: ಮನೆಗೋ, ಅಂಗಡಿಗೋ, ಮುಂದಿನ ಓದಿಗೋ. "ಇನ್ನೊಂದು, ಇನ್ನೊಂದು" ಅಂತ ಹದಿನೈದು ವರ್ಷ ಕಳೆದವರನ್ನು ನಾನು ಬಲ್ಲೆ. ಮಕ್ಕಳು ಅವರನ್ನು ವಿಡಿಯೋ ಕಾಲಿನಲ್ಲೇ ಜಾಸ್ತಿ ನೋಡಿದ್ದು. ನಲವತ್ತಕ್ಕೆ ಊರಿಗೆ ಬಂದು ಇಲ್ಲಿನ ಹೋಟೆಲಿನಲ್ಲಿ ಕೆಲಸ ಕೇಳಿದರೆ, ಅವರಿಗಿಂತ ಹತ್ತು ವರ್ಷ ಚಿಕ್ಕ ಮ್ಯಾನೇಜರ್ ಎದುರು ನಿಲ್ಲಬೇಕಾಗುತ್ತದೆ.

ಇನ್ನೊಂದು ಮಾತು, ಇದು ನಿಮಗೂ ಮಗನಿಗೂ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅವನು ಬಂದು ಮುಟ್ಟಲಿಕ್ಕಿಲ್ಲ. ಹಡಗು ನಡುಕಡಲಿನಲ್ಲಿದ್ದರೆ ಮುಂದಿನ ಬಂದರು ಬರುವವರೆಗೆ ಯಾರೂ ಏನೂ ಮಾಡಲು ಆಗುವುದಿಲ್ಲ. ನಮ್ಮ ಅಜ್ಜಿ ಹೋದಾಗ ತಮ್ಮ ಬಂದದ್ದು ಏಳನೇ ದಿನ. ಇದನ್ನು ಹೋಗುವ ಮೊದಲೇ ಬಾಯಿಬಿಟ್ಟು ಮಾತಾಡಿಕೊಳ್ಳಿ. ಕಷ್ಟದ ಮಾತು, ಗೊತ್ತು.

ಏಜೆಂಟರು ಕೊಟ್ಟ ಕಾಗದ ಏನಾದರೂ ಇದ್ದರೆ ಪಾಸ್‌ಪೋರ್ಟ್ ನಂಬರ್ ಮುಚ್ಚಿ ಒಂದು ಜೆರಾಕ್ಸ್ ನಮ್ಮ ಕಚೇರಿಗೆ ಕಳಿಸಿ. ತಮ್ಮನಿಗೆ ತೋರಿಸುತ್ತೇನೆ. ಮಗನಿಗೂ ಒಮ್ಮೆ ಅವನ ಕ್ಯಾಂಟೀನಿಗೆ ಬರಲು ಹೇಳಿ. ಸಂಜೆ ನಾಲ್ಕರ ಮೊದಲು ಬಂದರೆ ಒಳ್ಳೆಯದು. ಆಮೇಲೆ ಬಜೆಯ ರಶ್ಶು, ಅವನು ಮಾತಿಗೆ ಸಿಗುವುದಿಲ್ಲ.

– ಸಂಪಾದಕ