ಪೂಲ್‌ನಲ್ಲಿ ಗುರಿ ಇಡ್ಲಿಕ್ಕೆ ಘೋಸ್ಟ್ ಬಾಲ್ ಒಳ್ಳೇದಾ, ಸೆಂಟರ್ ಟು ಎಡ್ಜ್ ಒಳ್ಳೇದಾ?

ಪೂಲ್ ಅಂದ್ರೆ ಟೇಬಲಿನ ಮೇಲೆ ಕ್ಯೂ ಅನ್ನುವ ಕೋಲಿನಲ್ಲಿ ಬಿಳಿ ಬಾಲ್ ಹೊಡೆದು, ಅದರಿಂದ ಬೇರೆ ಬಾಲನ್ನು ಪಾಕೆಟ್ಟಿಗೆ ಹಾಕುವ ಆಟ. ನೀವು ಕೇಳಿದ್ದರಲ್ಲಿ ಎರಡು ವಿಷಯ ಉಂಟು. ಗುರಿ ಇಡುವ ಮೆಥಡ್‌ನಲ್ಲಿ ಘೋಸ್ಟ್ ಬಾಲ್ ಬಿಟ್ಟು ಸೆಂಟರ್ ಟು ಎಡ್ಜ್ ಕಲಿಯುದಾ ಅಂತ ಒಂದು, ಮತ್ತೆ ಕೆಳಗಿನ ಸ್ಪಾಟಿನಲ್ಲಿ (ಟೇಬಲಿನ ಒಂದು ತುದಿಯ ಕಡೆ ಅಗಲದ ನಡುವಲ್ಲಿರುವ ಗುರುತು) ಕೂತ 8ನೇ ನಂಬರ್ ಬಾಲನ್ನು ಟೇಬಲಿನ ಆಚೆ ತುದಿಯಿಂದ ನೇರ ಬಂದು ಕಾರ್ನರ್ ಪಾಕೆಟ್ಟಿಗೆ ಕಟ್ ಮಾಡಿದಾಗೆಲ್ಲ, ಅಂದ್ರೆ ಬದಿಗೆ ತಾಗಿಸಿ ಓರೆಯಾಗಿ ಕಳಿಸಿದಾಗೆಲ್ಲ, ಬಿಳಿ ಬಾಲ್ ಹೋಗಿ ಆಚೆ ಕಾರ್ನರಿಗೆ ಬೀಳ್ತದೆ, ಎಂತ ಮಾಡುದು ಅಂತ ಇನ್ನೊಂದು. ನನ್ನ ಪ್ರಕಾರ ಇದು ಎರಡಲ್ಲ, ಒಂದೇ ಪ್ರಶ್ನೆ. ಬಿಳಿ ಬಾಲ್ ಎಲ್ಲಿಗೆ ಹೋಗ್ಬೇಕು ಅಂತ ಮೊದಲು ತೀರ್ಮಾನ ಮಾಡದೆ ಗುರಿ ಇಡ್ಲಿಕ್ಕೆ ಆಗುದೇ ಇಲ್ಲ, ನೀವು ಯಾವ ಮೆಥಡ್ ಹಿಡ್ಕೊಂಡ್ರೂ ಅಷ್ಟೇ.

ನಾನು ಕುಂಬಳೆ ಕಡೆಯವ. ಸಣ್ಣದಿರುವಾಗ ಕ್ಲಬ್ಬಿನಲ್ಲಿ ಕೇರಂ ಬಿಟ್ರೆ ಬೇರೆ ಗೊತ್ತಿರ್ಲಿಲ್ಲ, ಪೂಲ್ ಕಲ್ತದ್ದು ಶಾರ್ಜಾದಲ್ಲಿ ಕೆಲಸಕ್ಕಿದ್ದಾಗ, ರೂಮಿನ ಹತ್ತಿರದ ಪಾರ್ಲರಿನಲ್ಲಿ ಶುಕ್ರವಾರ ಶುಕ್ರವಾರ ಫಿಲಿಪೀನ್ಸಿನವರ ಆಟ ನೋಡಿ ನೋಡಿ. ಅವರಿಗೆ ಎಫ್ರೆನ್ ರೆಯೆಸ್ ಅಂದ್ರೆ ದೇವರು. 1999ರಲ್ಲಿ ಕಾರ್ಡಿಫ್‌ನಲ್ಲಿ 9 ಬಾಲ್ ವರ್ಲ್ಡ್ ಚಾಂಪಿಯನ್, 2004ರಲ್ಲಿ 8 ಬಾಲ್ ವರ್ಲ್ಡ್ ಚಾಂಪಿಯನ್, ಅದೂ ನಾವಿದ್ದ ಕಡೆಯೇ, ಫುಜೈರಾದಲ್ಲಿ. ಅವರ ಆಟದ ವಿಡಿಯೋ ನೋಡುವಾಗ ಬಾಲ್ ಪಾಟ್ ಆಗುದನ್ನು (ಪಾಕೆಟ್ಟಿಗೆ ಬೀಳುದನ್ನು) ನೋಡ್ಬೇಡಿ, ಪಾಟ್ ಆದ ಮೇಲೆ ಬಿಳಿ ಬಾಲ್ ಎಲ್ಲಿ ಹೋಗಿ ನಿಲ್ತದೆ ಅಂತ ಮಾತ್ರ ನೋಡಿ, ಮುಂದಿನ ಶಾಟ್ ಯಾವಾಗ ನೋಡಿದ್ರೂ ಸುಲಭದ್ದೇ ಇರ್ತದೆ.

ಈಗ ಮೆಥಡ್‌ಗೆ ಬರುವ. ಘೋಸ್ಟ್ ಬಾಲ್ ಅಂದ್ರೆ ಪಾಕೆಟ್ಟಿನಿಂದ ಬಾಲಿನ ನಡುವಿಗೆ ಒಂದು ಗೆರೆ ಎಳೆದು ಅದೇ ಗೆರೆಯ ಹಿಂದೆ ಇನ್ನೊಂದು ಬಾಲ್ ತಾಗಿ ಕೂತಿದೆ ಅಂತ ಮನಸ್ಸಲ್ಲಿ ಇಡುದು, ಬಿಳಿ ಬಾಲನ್ನು ಅಲ್ಲಿಗೆ ಕಳಿಸುದು. ಪೂಲ್ ಬಾಲ್ 57 ಮಿಲಿಮೀಟರ್, ಹಾಗಾಗಿ ಆ ಜಾಗ ಬಾಲಿನ ನಡುವಿನಿಂದ ಸರಿಯಾಗಿ 57 ಮಿಲಿಮೀಟರ್ ಹಿಂದೆ. ಲೆಕ್ಕದಲ್ಲಿ ತಪ್ಪಿಲ್ಲ, ಆದ್ರೆ ಇಲ್ಲದ ಬಾಲನ್ನು ಆರು ಅಡಿ ದೂರದಿಂದ ನೋಡುದು ಕಷ್ಟ. ಸೆಂಟರ್ ಟು ಎಡ್ಜ್ ಅಂದ್ರೆ ಹಾಲ್ ಹೌಲ್ ಅನ್ನುವ ಅಮೆರಿಕದವರು ಹಬ್ಬಿಸಿದ್ದು, ಬಿಳಿ ಬಾಲಿನ ನಡುವಿನಿಂದ ಆಚೆ ಬಾಲಿನ, ಅಂದ್ರೆ ಪಾಟ್ ಮಾಡ್ಬೇಕಾದ ಬಾಲಿನ, ಅಂಚಿಗೆ ಕಣ್ಣು ಹಾಯಿಸಿ ನಿಂತು, ಮತ್ತೆ ಕ್ಯೂವನ್ನು ಅದರ ತುದಿಯ ಟಿಪ್ಪಿನ ಅರ್ಧದಷ್ಟು ತಿರುಗಿಸಿ ನಡುವಿಗೆ ತರುದು. ಇದರ ಮೇಲೆ ಜನ ವರ್ಷಗಟ್ಟಲೆ ಜಗಳ ಮಾಡಿದ್ದಾರೆ. ನೋಡುವ ಗೆರೆ ನಾಲ್ಕೈದು, ಕಟ್ ಆಗುವ ಆಂಗಲ್‌ಗೆ ಲೆಕ್ಕವೇ ಇಲ್ಲ, ಉಳಿದದ್ದನ್ನು ಕಣ್ಣು ತಾನಾಗಿ ತುಂಬಿಸ್ತದೆ ಅಂತ ವಿರೋಧ ಮಾಡುವವರು ಹೇಳುದು, ಅದು ನನಗೂ ಸರಿ ಅಂತ ಕಾಣ್ತದೆ. ಆದ್ರೂ ಆ ಮೆಥಡ್‌ನಲ್ಲಿ ಒಂದು ದೊಡ್ಡ ಗುಣ ಉಂಟು, ಪ್ರತಿ ಸಲ ಒಂದೇ ತರ ನಿಲ್ಲುವ ಅಭ್ಯಾಸ ಆಗ್ತದೆ. ಅದನ್ನು ಹಿಡ್ಕೊಂಡು ಚಂದ ಆಡುವವರನ್ನು ನಾನು ಕಂಡಿದ್ದೇನೆ.

ನಾನೂ ಎರಡು ತಿಂಗಳು ಅದನ್ನೇ ಮಾಡಿದ್ದು. ಯಾಕೆ ಅಂತ ಹೇಳ್ತೇನೆ, ನಿಮಗೆ ಉಪಯೋಗ ಆಗ್ತದೆ. ಊರಿಗೆ ಬಂದ ಮೇಲೆ ಕಾಸರಗೋಡು ಪೇಟೆಯಲ್ಲಿ ಎರಡು ಟೇಬಲ್ ಇರುವ ಒಂದು ಪಾರ್ಲರಿಗೆ ಹೋಗ್ತಿದ್ದೆ. ಆಟಿ ತಿಂಗಳು, ಹೊರಗೆ ಒಂದೇ ಸಮ ಮಳೆ, ಟೇಬಲಿನ ಬಟ್ಟೆ ಕೈಯಿಟ್ರೆ ತಣ್ಣಗೆ. ಆಗ ನನಗೆ ಒಂದು ಶಾಟ್ ಕೈಕೊಡ್ಲಿಕ್ಕೆ ಶುರುವಾಯ್ತು, ಅರ್ಧ ಬಾಲಿನ ಕಟ್ (ಬಿಳಿ ಬಾಲ್ ಆಚೆ ಬಾಲಿನ ಅರ್ಧಕ್ಕೆ ಮಾತ್ರ ತಾಗುದು), ಪಾಕೆಟ್ ಒಂದು ಮೀಟರ್ ದೂರ, ನಿಧಾನ ಹೊಡೆದು ಬಿಳಿ ಬಾಲನ್ನು ಅಲ್ಲೇ ಹತ್ತಿರ ನಿಲ್ಲಿಸುದು. ಆರು ಸಲ ಹೊಡೆದ್ರೆ ಐದು ಸಲ ದಪ್ಪ ತಾಗಿದ ಹಾಗೆ, ಅಂದ್ರೆ ಬೇಕಾದ್ದಕ್ಕಿಂತ ಜಾಸ್ತಿ ಭಾಗ ತಾಗಿದ ಹಾಗೆ ಆಗಿ ಪಾಕೆಟ್ಟಿನ ದವಡೆಗೆ (ಬಾಯಿಯ ಅಂಚಿಗೆ) ಬಡಿದು ವಾಪಸ್. ಘೋಸ್ಟ್ ಬಾಲ್ ಸರಿ ಇಲ್ಲ ಅಂತ ಬಿಟ್ಟೆ, ಸೆಂಟರ್ ಟು ಎಡ್ಜ್ ಹಿಡಿದೆ, ಅದರಲ್ಲೂ ಅದೇ ದವಡೆ. ಒಂದು ದಿನ ನಮ್ಮ ಜೊತೆ ಆಡುವ ಒಬ್ರು ಹಿರಿಯರು, ಅವರೂ ಗಲ್ಫಿನಲ್ಲಿದ್ದು ಬಂದವರು, ಏನೂ ಹೇಳದೆ ಬಾಲೆಲ್ಲ ಬಕೆಟಿಗೆ ಹಾಕಿ ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೆದು ಬೈರಾಸಿನಲ್ಲಿ ಒಂದೊಂದೇ ಉಜ್ಜಿದ್ರು. ಬಿಳಿ ಬೈರಾಸು, ಉಜ್ಜಿ ತೆಗೆದಾಗ ಅದ್ರಲ್ಲಿ ನೀಲಿ ಚಾಕಿನ ಗೆರೆ, ಮತ್ತೆ ನಾವೇ ಬಾಳೆಕಾಯಿ ಚಿಪ್ಸ್ ತಿಂದ ಕೈಯಲ್ಲಿ ಮುಟ್ಟಿದ ಎಣ್ಣೆಯ ಹಳದಿ. ಮತ್ತೆ ಅದೇ ಶಾಟ್ ಇಟ್ಟು ಹೊಡಿ ಅಂದ್ರು, ಹೋಯ್ತು. ಇನ್ನೊಂದು, ಅದೂ ಹೋಯ್ತು.

ಇದಕ್ಕೆ ಥ್ರೋ ಅಂತ ಹೆಸರು. ಬಿಳಿ ಬಾಲ್ ಬದಿಗೆ ತಾಗಿದಾಗ ಎರಡೂ ಬಾಲ್ ಒಂದು ಕ್ಷಣ ಒಂದನ್ನೊಂದು ಉಜ್ಜಿಕೊಳ್ತದೆ, ಆ ಉಜ್ಜುವಿಕೆ ಆಚೆ ಬಾಲನ್ನು ಬಿಳಿ ಬಾಲ್ ಹೋಗುವ ಕಡೆಗೆ ಸ್ವಲ್ಪ ಎಳೀತದೆ. ಕೊಳೆ ಬಾಲಾದ್ರೆ ಎಳೆತ ಇನ್ನೂ ಜಾಸ್ತಿ. ಅರ್ಧ ಬಾಲಿನ ಹತ್ತಿರದ ಕಟ್, ನಿಧಾನದ ಸ್ಟನ್ ಶಾಟ್ (ತಾಗುವಾಗ ಬಿಳಿ ಬಾಲ್ ಉರುಳದೆ ಜಾರ್ತಾ ಇರುವ ಹೊಡೆತ) ಆದ್ರೆ 3ರಿಂದ 5 ಡಿಗ್ರಿವರೆಗೆ ಹೋಗ್ತದೆ. ಈಗ ಲೆಕ್ಕ ಹಾಕಿ, ಕಾರ್ನರ್ ಪಾಕೆಟ್ಟಿನ ಬಾಯಿ ಸುಮಾರು 11.5 ಸೆಂಟಿಮೀಟರ್, ಬಾಲ್ 5.7, ಅಂದ್ರೆ ಎರಡೂ ಕಡೆ ಬರೀ ಮೂರು ಸೆಂಟಿಮೀಟರಿಗೂ ಕಡಿಮೆ ಜಾಗ. 5 ಡಿಗ್ರಿ ತಪ್ಪಿದ್ರೆ ಒಂದು ಮೀಟರಿನಲ್ಲಿ ಎಂಟು ಸೆಂಟಿಮೀಟರಿಗಿಂತ ಜಾಸ್ತಿ ಆಚೆ. ಅದೇ ಶಾಟನ್ನು ಫಾಲೋ ಕೊಟ್ಟು (ನಡುವಿಗಿಂತ ಮೇಲೆ ಹೊಡೆದು ಮುಂದಕ್ಕೆ ಉರುಳಿಸಿ) ಸ್ವಲ್ಪ ಜೋರು ಹೊಡೆದ್ರೆ ಥ್ರೋ ಕಡಿಮೆ, ಸ್ಕ್ರೂ ಕೊಟ್ರೂ (ಕೆಳಗೆ ಹೊಡೆದು ಹಿಂದಕ್ಕೆ ಸ್ಪಿನ್ ಕೊಟ್ರೂ) ಕಡಿಮೆ. ಅಂದ್ರೆ ಬಾಲ್ ಅದೇ, ಪಾಕೆಟ್ ಅದೇ, ಆಂಗಲ್ ಅದೇ, ಆದ್ರೆ ಬಿಳಿ ಬಾಲನ್ನು ನಿಲ್ಲಿಸ್ಲಿಕ್ಕೆ ಹೊಡೆಯುವಾಗ ಇಡುವ ಗುರಿ ಬೇರೆ, ಉರುಳಿಸ್ಲಿಕ್ಕೆ ಹೊಡೆಯುವಾಗ ಇಡುವ ಗುರಿ ಬೇರೆ. ನಿಲ್ಲಿಸುದಾದ್ರೆ ಇನ್ನೂ ಸ್ವಲ್ಪ ಸಪೂರ ತಾಗಿಸ್ಬೇಕು. ಬರೀ ಗೆರೆ ನೋಡಿ ಗುರಿ ಇಡುವ ಯಾವ ಮೆಥಡ್‌ನಲ್ಲೂ ಇದು ಬರುದಿಲ್ಲ, ನೀವೇ ಸೇರಿಸ್ಬೇಕು. ನಾನು ಮೊದಲೇ ಎರಡೂ ಒಂದೇ ಪ್ರಶ್ನೆ ಅಂದದ್ದು ಇದಕ್ಕೇ.

ಹಾಗಾಗಿ ಈಗ ನಾನು ಮಾಡುದು ಹೀಗೆ. ನಿಂತಲ್ಲಿಂದ ಮೊದಲು ಮುಂದಿನ ಬಾಲ್ ನೋಡ್ತೇನೆ, ಬಿಳಿ ಬಾಲ್ ಎಲ್ಲಿ ಬೇಕು ಅಂತ ಒಂದು ಜಾಗ ಹಿಡೀತೇನೆ, ಅದಕ್ಕೆ ಸ್ಟನ್ನಾ ಫಾಲೋನಾ ಎಷ್ಟು ಸ್ಪೀಡು ಅಂತ ಆದ ಮೇಲೆ ಮಾತ್ರ ಗುರಿ. ಬಗ್ಗಿದ ಮೇಲೆ ಮನಸ್ಸು ಬದಲಾದ್ರೆ ಎದ್ದು ನಿಂತು ಮತ್ತೆ ಶುರು. ಗುರಿಗೆ ನಾನು ಬಳಸುದು ಭಾಗದ ಲೆಕ್ಕ: ಬಿಳಿ ಬಾಲಿನ ನಡು ಆಚೆ ಬಾಲಿನ ಅಂಚಿಗೆ ನೇರ ಇದ್ರೆ ಅದು ಹಾಫ್ ಬಾಲ್, 30 ಡಿಗ್ರಿ ಕಟ್. ಮುಕ್ಕಾಲು ತಾಗಿದ್ರೆ 14ರ ಹತ್ತಿರ, ಕಾಲು ತಾಗಿದ್ರೆ 49ರ ಹತ್ತಿರ. ಈ ಮೂರು ಕಣ್ಣಿಗೆ ಕೂತ್ರೆ ನಡುವಿನದ್ದೆಲ್ಲ ನಿಧಾನಕ್ಕೆ ಬರ್ತದೆ.

ಬಿಳಿ ಬಾಲಿಗೆ ಬೇಕಾದ್ದು ಎರಡೇ ಗೆರೆ. ಕೇರಂ ಆಡಿದ ನಮ್ಮಂಥವರಿಗೆ ಇಲ್ಲಿ ಒಂದು ಅಭ್ಯಾಸ ಬಿಡ್ಬೇಕಾಗ್ತದೆ. ಸ್ಟ್ರೈಕರ್ 15 ಗ್ರಾಂವರೆಗೆ ಇರ್ತದೆ, ಕಾಯಿ ಐದೂವರೆ ಗ್ರಾಂ ಒಳಗೆ, ಹಾಗಾಗಿ ಸ್ಟ್ರೈಕರ್ ಕಾಯಿಗೆ ಬಡಿದ ಮೇಲೂ ಮುಂದಕ್ಕೇ ನುಗ್ತದೆ. ಪೂಲ್‌ನಲ್ಲಿ ಎಲ್ಲ ಬಾಲಿನ ತೂಕ ಸುಮಾರು ಒಂದೇ. ಸಮ ತೂಕದ್ದು ತಾಗಿದ್ರೆ, ಬಿಳಿ ಬಾಲ್ ಉರುಳದೆ ಜಾರ್ತಾ ಬಂದಿದ್ರೆ, ಎರಡೂ ಬಾಲ್ 90 ಡಿಗ್ರಿಯಲ್ಲಿ ಬೇರೆ ಆಗ್ತದೆ. ಇದು ಸ್ಟನ್ ಗೆರೆ. ಬಿಳಿ ಬಾಲ್ ಪೂರ್ತಿ ಉರುಳ್ತಾ ಬಂದಿದ್ರೆ ಆ ಗೆರೆಯಿಂದ ಮುಂದಕ್ಕೆ ಬಾಗಿ, ತಾನು ಬಂದ ದಾರಿಯಿಂದ ಸುಮಾರು 30 ಡಿಗ್ರಿ ಮಾತ್ರ ತಿರುಗ್ತದೆ, ಕಾಲಿನಿಂದ ಮುಕ್ಕಾಲು ಬಾಲಿನವರೆಗೆ ಯಾವ ಕಟ್ ಆದ್ರೂ ಹೆಚ್ಚುಕಡಿಮೆ ಅಷ್ಟೇ. ಡೇವ್ ಅಲ್ಸಿಯಾಟೋರ್ ಅಂತ ಕೊಲೊರಾಡೋದಲ್ಲಿ ಇಂಜಿನಿಯರಿಂಗ್ ಪ್ರೊಫೆಸರ್ ಆಗಿದ್ದ ಒಬ್ರು ಇದನ್ನು ಎರಡು ಬೆರಳು ವಿ ಮಾಡಿ ಹಿಡಿದು ತೋರಿಸ್ತಾರೆ, ಒಂದು ಬೆರಳು ಬಂದ ದಾರಿಗೆ, ಇನ್ನೊಂದು ಬೆರಳು ಹೋಗುವ ದಾರಿ. ನಾನು ಈಗಲೂ ಟೇಬಲಿನ ಮೇಲೆ ಬೆರಳಿಟ್ಟು ನೋಡ್ತೇನೆ. ಇದು ಹೊಸ ಸಂಗತಿಯೂ ಅಲ್ಲ, ಬಾಲಿಗೆ ತಾಗಿದ ಮೇಲೆ ಬಿಳಿ ಬಾಲ್ ಹೇಗೆ ಬಾಗ್ತದೆ ಅಂತ ಕೊರಿಯೋಲಿಸ್ 1835ರಲ್ಲೇ ಬಿಲಿಯರ್ಡ್ಸ್ ಬಗ್ಗೆ ಲೆಕ್ಕ ಹಾಕಿ ಬರೆದಿದ್ದ, ಚಂಡಮಾರುತ ಸುತ್ತುದಕ್ಕೆ ಹೇಳುವ ಹೆಸರು ಉಂಟಲ್ವಾ, ಅದೇ ಕೊರಿಯೋಲಿಸ್.

ಈಗ ನಿಮ್ಮ 8ನೇ ನಂಬರ್. ಟೇಬಲಿನ ಉದ್ದ ಅಗಲದ ಎರಡು ಪಟ್ಟು, ಸ್ಪಾಟ್ ಇರುದು ಕೆಳಗಿನಿಂದ ಉದ್ದದ ಕಾಲುಭಾಗದಲ್ಲಿ. ಹಾಗಾಗಿ ಸ್ಪಾಟಿನಿಂದ ಎರಡು ಕಾರ್ನರಿಗೆ ಗೆರೆ ಎಳೆದ್ರೆ ನಡುವೆ ಸರಿಯಾಗಿ 90 ಡಿಗ್ರಿ ಬರ್ತದೆ. ಅಂದ್ರೆ ಸ್ಟನ್ ಗೆರೆ ನಿಮ್ಮನ್ನು ಆಚೆ ಕಾರ್ನರಿನ ಹತ್ತಿರಕ್ಕೇ ತೆಗೆದುಕೊಂಡು ಹೋಗ್ತದೆ, ಸ್ಟನ್‌ಗಿಂತ ಒಂಚೂರು ಮುಂದಕ್ಕೆ ಉರುಳಿದ್ರಂತೂ ನೇರ ಒಳಗೆ. ನೀವು ಬಿಳಿ ಬಾಲಿನ ನಡುವಿಗೆ ಮಧ್ಯಮ ಸ್ಪೀಡಿನಲ್ಲಿ ಹೊಡೀತಿದ್ದೀರಿ, ತಾಗುವ ಹೊತ್ತಿಗೆ ಅದು ಅರ್ಧಂಬರ್ಧ ಉರುಳ್ತಾ ಇರ್ತದೆ, ಹಾಗಾಗಿ ಬೀಳುದು. ನಿಮ್ಮ ಗುರಿ ಸರಿಯೇ ಉಂಟು, ಬಾಲ್ ಪಾಟ್ ಆಗ್ತಾ ಉಂಟಲ್ಲ.

ಬಿಳಿ ಬಾಲಿನ ನಡುವಿಗಿಂತ ಮೇಲೆ, ಟೇಬಲಿನಿಂದ 4 ಸೆಂಟಿಮೀಟರ್ ಎತ್ತರದಲ್ಲಿ ಹೊಡೀರಿ, ಅಲ್ಲಿ ತಾಗಿದ್ರೆ ಬಾಲ್ ಜಾರದೆ ಮೊದಲಿನಿಂದಲೇ ಉರುಳ್ತದೆ. ಆಗ ಅದು ಕಾರ್ನರಿನಿಂದ ಎಂಟು ಇಂಚು ಈಚೆ ಕೆಳಗಿನ ಕುಶನಿಗೆ ಬಡಿದು ಮೇಲೆ ಬರ್ತದೆ, 9 ಅಡಿ ಟೇಬಲಿನ ಲೆಕ್ಕ ಇದು. ಸ್ಕ್ರೂ ಬರುವವರಾದ್ರೆ ಸ್ವಲ್ಪ ಕೆಳಗೆ ಹೊಡೆದು ಬದಿ ಕುಶನಿಗೆ ಮೇಲೆ ತಾಗಿಸ್ಬಹುದು, ಆದ್ರೆ ಮಳೆಗಾಲದಲ್ಲಿ ಬಟ್ಟೆ ಹಸಿ ಇರುವಾಗ ಆ ಹಿಂದಿನ ಸ್ಪಿನ್ ದಾರಿಯಲ್ಲೇ ಸಾಯ್ತದೆ, ಮತ್ತೆ ಅದೇ ಅರ್ಧಂಬರ್ಧ ಆಗಿ ಅದೇ ಕಾರ್ನರಿಗೆ. ಮೊದಲು ಮೇಲಿನದ್ದನ್ನೇ ಇಪ್ಪತ್ತು ಸಲ ಹೊಡೆದು, ಬಿಳಿ ಬಾಲ್ ಕುಶನಿಗೆ ತಾಗಿದಲ್ಲೆಲ್ಲ ಟೇಬಲಿನ ಅಂಚಿನ ಪಟ್ಟಿಯ ಮೇಲೆ ಒಂದೊಂದು ಕಾಗದದ ಚೂರು ಇಟ್ಟು ನೋಡಿ. ಬಾಲ್ ತೊಳೆದು ಶುರು ಮಾಡಿ.