ಮುಖದ ವಿಡಿಯೋ ಬೇಡ, ಹೊಟ್ಟೆಯ ವಿಡಿಯೋ ಕಳಿಸಿ

ಚಿಕ್ಕಬಳ್ಳಾಪುರದಲ್ಲಿ ಚಳಿ ಶುರುವಾಯಿತೆಂದರೆ ಮಕ್ಕಳ ಡಾಕ್ಟರಾದ ನನ್ನ ಫೋನಿಗೆ ರಾತ್ರಿ ಎರಡು ಗಂಟೆಯ ವಿಡಿಯೋಗಳೂ ಶುರು. ಕತ್ತಲೆ ಕೋಣೆ, ಮೊಬೈಲ್ ಟಾರ್ಚು, ಕುತ್ತಿಗೆ ತನಕ ಸುತ್ತಿದ ಕೂಸಿನ ಮುಖ, ಹಿನ್ನೆಲೆಯಲ್ಲಿ ಬೀದಿ ನಾಯಿ. 'ಗೊರಕೆ ಕೇಳಿಸ್ತಾ ಸಾರ್?' ಅಂತ ಅಪ್ಪನ ದನಿ. ಕೇಳಿಸುತ್ತದೆ. ಆದರೆ ನನಗೆ ಕೇಳಬೇಕಾಗಿಲ್ಲ, ನೋಡಬೇಕು. ಈ ಸಲ ಬಂದ 14 ಪ್ರಶ್ನೆಗಳಲ್ಲಿ 9 ಇದೇ ಗೊರಕೆಯದು. ಹಾಗಾಗಿ ಒಂದಕ್ಕೆ ಉದ್ದ ಉತ್ತರ ಬರೆದುಬಿಡುತ್ತೇನೆ. ಉಳಿದವರು ಅದರಲ್ಲೇ ನಿಮ್ಮದನ್ನು ಹುಡುಕಿಕೊಳ್ಳಿ.

ಪ್ರಶ್ನೆ: ಮಗನಿಗೆ 35 ದಿನ. ಬಾಣಂತನಕ್ಕೆ ಶಿಡ್ಲಘಟ್ಟದ ಹತ್ತಿರ ತವರಿನಲ್ಲಿದ್ದೇನೆ. ರಾತ್ರಿ ಮಲಗಿದಾಗ ಗೊರ್ ಗೊರ್ ಅಂತ ಸದ್ದು ಮಾಡುತ್ತಾನೆ. ಎದೆ ಮೇಲೆ ಕೈಯಿಟ್ಟರೂ ಗರಗರ ಗೊತ್ತಾಗುತ್ತದೆ. ಒಮ್ಮೊಮ್ಮೆ ಉಸಿರು ನಿಂತ ಹಾಗಾಗಿ, ಆಮೇಲೆ ಬೇಗ ಬೇಗ ಆಡುತ್ತದೆ. ನಾನು ಮೊಸರನ್ನ ತಿಂದಿದ್ದಕ್ಕೆ ಹಾಲಿನಲ್ಲಿ ಶೀತ ಇಳಿದಿದೆ ಅಂತಾರೆ ಅಮ್ಮ. ನೀರು ಹಾಕುವ ಅಜ್ಜಿ ದಿನಾ ಗಂಟಲಿಗೆ ಬೆರಳು ಹಾಕಿ ಕಫ ತೆಗೆಯುತ್ತಾರೆ. ಆದರೂ ಕಡಿಮೆಯಾಗಿಲ್ಲ. ಇದು ನಿಮೋನಿಯಾನಾ, ಆಸ್ತಮಾನಾ?

ಉತ್ತರ: ಮೊದಲು ಆ ಬೆರಳು ನಿಲ್ಲಿಸಿ, ಇವತ್ತೇ. ಅಜ್ಜಿಗೆ ಪ್ರೀತಿ ಇದೆ, ಕೈಗುಣವೂ ಇರಬಹುದು. ಆದರೆ ಉಗುರೂ ಇದೆ. ಅಂಗುಳು ಗೀರಿ ರಕ್ತ ಬಂದ ಕೂಸುಗಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಬೆರಳಿಗೆ ಅಂಟಿಕೊಂಡು ಬರುವುದು ಜೊಲ್ಲು, ಎದೆಯ ಕಫ ಅಲ್ಲ. ಬೆರಳು ಎದೆಯೊಳಗೆ ಹೋಗುವುದೇ ಇಲ್ಲ.

ಈಗ ಸದ್ದಿನ ವಿಷಯ. ಎಳೆಗೂಸು ಮೊದಲ ಕೆಲವು ತಿಂಗಳು ಹೆಚ್ಚಾಗಿ ಮೂಗಿನಲ್ಲೇ ಉಸಿರಾಡುತ್ತದೆ. ಅದರ ಗಂಟಲಿನ ರಚನೆಯೇ ಹಾಗೆ. ಅದಕ್ಕೇ ಮೊಲೆ ಬಾಯಲ್ಲಿದ್ದರೂ ಉಸಿರು ಕಟ್ಟುವುದಿಲ್ಲ. ಆದರೆ ಆ ಮೂಗಿನ ದಾರಿ ತೀರಾ ಕಿರಿದು. ಒಂದು ಚೂರು ಸಿಂಬಳ ಒಣಗಿ ಕೂತರೂ, ಕುಡಿದ ಹಾಲು ಸ್ವಲ್ಪ ಮೇಲೆ ಬಂದು ಮೂಗಿನ ಹಿಂದೆ ನಿಂತರೂ ಗೊರ್ ಅನ್ನುತ್ತದೆ. ನೆಗಡಿಯೇ ಆಗಿರಬೇಕಿಲ್ಲ. ನಮ್ಮ ಕಡೆ ಚಳಿಗಾಲದ ಒಣಗಾಳಿಗೆ ಇನ್ನೂ ಜಾಸ್ತಿ.

ಹಾಗಾದರೆ ಎದೆ ಮೇಲೆ ಕೈಗೆ ಸಿಗುವುದೇನು? ಮನೆ ಮೇಲಿನ ನಲ್ಲಿ ಬಿಟ್ಟಾಗ ಕೆಳಗಿನ ಪೈಪು ಹಿಡಿದು ನೋಡಿ. ನಡುಗುತ್ತದೆ, ಅಲ್ವಾ? ಹಾಗೇ ಇದು. ಸದ್ದು ಹುಟ್ಟುವುದು ಮೂಗಿನಲ್ಲಿ, ನಡುಕ ಸಿಗುವುದು ತೆಳ್ಳನೆ ಎದೆಗೂಡಿನಲ್ಲಿ. 'ಎದೆಯಲ್ಲಿ ಕಫ ಕಟ್ಟಿದೆ' ಅಂತ ಸ್ಟೆತಸ್ಕೋಪು ಇಡದೆ ಹೇಳುವವರೆಲ್ಲ ಈ ನಡುಕವನ್ನೇ ನಂಬಿ ಹೇಳುತ್ತಾರೆ. ಸಲೈನ್ ಮೂಗಿನ ಡ್ರಾಪ್ಸ್, ಅಂದರೆ ಬರೀ ಉಪ್ಪುನೀರಿನದು, ಹಾಲು ಕೊಡುವ ಮುಂಚೆ ಒಂದೊಂದು ಹೊಳ್ಳೆಗೆ ಒಂದೆರಡು ಹನಿ ಹಾಕಿ. ಐದು ನಿಮಿಷದಲ್ಲಿ ಸದ್ದು ತಗ್ಗಿದರೆ ಕಫ ಎಲ್ಲಿತ್ತು ಅಂತ ನಿಮಗೇ ಗೊತ್ತಾಗುತ್ತದೆ. ಕೂಸು ಚೆನ್ನಾಗಿ ಹಾಲು ಕುಡಿದು ಮಲಗುತ್ತಿದ್ದರೆ ಅದನ್ನೂ ಹಾಕಬೇಕಿಲ್ಲ. ಸದ್ದು ಕೇಳಲಾಗುತ್ತಿಲ್ಲ ಅನ್ನುವುದು ನಿಮ್ಮ ಕಷ್ಟ, ಕೂಸಿನದ್ದಲ್ಲ.

ಉಸಿರು ನಿಂತ ಹಾಗಾಗುವುದು. ಇದಕ್ಕೆ ನನಗೂ ನಿದ್ದೆ ಕೆಟ್ಟಿದೆ. ನನ್ನ ಮಗಳು ಹುಟ್ಟಿದಾಗ ಮಕ್ಕಳ ಡಾಕ್ಟರಾಗಿ ಆರು ವರ್ಷ ಆಗಿತ್ತು. ಆದರೂ ಮೂರು ರಾತ್ರಿ ಟಾರ್ಚು ಹಿಡಿದು ತೊಟ್ಟಿಲ ಪಕ್ಕ ಕೂತಿದ್ದೆ. ಎಳೆಗೂಸಿನ ಉಸಿರು ಗಡಿಯಾರದ ಹಾಗೆ ನಡೆಯುವುದಿಲ್ಲ. ಬೇಗ ಬೇಗ ನಾಲ್ಕಾರು ಸಲ, ಆಮೇಲೆ 5ರಿಂದ 10 ಸೆಕೆಂಡು ಸುಮ್ಮನೆ, ಮತ್ತೆ ಶುರು. ಮೈಬಣ್ಣ ಬದಲಾಗದೆ ಇದ್ದರೆ ಇದು ಮಾಮೂಲು. ಬೆಳೆದ ಹಾಗೆ ಕಡಿಮೆಯಾಗಿ, ಆರು ತಿಂಗಳ ಹೊತ್ತಿಗೆ ಹೋಗುತ್ತದೆ. 20 ಸೆಕೆಂಡು ದಾಟಿದರೆ, ಇಲ್ಲವೇ ಅದಕ್ಕಿಂತ ಕಡಿಮೆಯಾದರೂ ತುಟಿ ನೀಲಿಯಾದರೆ, ಮೈ ಜೋತುಬಿದ್ದರೆ, ಅದು ಬೇರೆಯೇ ವಿಷಯ. ಆಗ ವಿಡಿಯೋ ತೆಗೆಯುತ್ತಾ ನಿಲ್ಲಬೇಡಿ, 108ಕ್ಕೆ ಫೋನ್ ಮಾಡಿ. ತಿಂಗಳು ತುಂಬುವ ಮುಂಚೆ ಹುಟ್ಟಿದ ಕೂಸಾದರೆ ಉಸಿರು ನಿಂತ ಹಾಗಾಗುವುದನ್ನು ಫೋನಿನಲ್ಲಿ ಕೇಳಲೇಬೇಡಿ, ನೇರ ಕರೆದುಕೊಂಡು ಬನ್ನಿ.

ಇನ್ನು ನೀವು ಬರೆಯದೆ ಬಿಟ್ಟಿದ್ದು. ನನಗೆ ಬೇಕಾಗಿದ್ದೂ ಅದೇ. ಹಾಲು ಹೇಗೆ ಕುಡಿಯುತ್ತಾನೆ? ಕುಡಿಯುತ್ತಾ ಮಧ್ಯೆ ಬಿಟ್ಟು ಏದುಸಿರು ಬಿಡುತ್ತಾನಾ? ತೂಕ ಎಷ್ಟು? ತಾಯಿ ಕಾರ್ಡಿನಲ್ಲಿ ಹುಟ್ಟಿದ ತೂಕ ಇರುತ್ತದೆ, ಅಂಗನವಾಡಿಯಲ್ಲಿ ತಕ್ಕಡಿ ಇರುತ್ತದೆ. ಈ ವಯಸ್ಸಿನಲ್ಲಿ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಏರುತ್ತಿದ್ದರೆ ನನ್ನ ಅರ್ಧ ಚಿಂತೆ ಅಲ್ಲಿಗೇ ಮುಗಿಯಿತು.

ಆಮೇಲೆ ಹೊಟ್ಟೆ. ಕೂಸು ನಿದ್ದೆಯಲ್ಲಿರುವಾಗ ಲೈಟು ಹಾಕಿ, ಅಂಗಿ ಎದೆ ಮೇಲಕ್ಕೆ ಸರಿಸಿ. ಹೊಟ್ಟೆ ಒಂದು ಸಲ ಏರಿ ಇಳಿದರೆ ಒಂದು ಉಸಿರು. ಗಡಿಯಾರ ನೋಡಿಕೊಂಡು ಪೂರಾ 60 ಸೆಕೆಂಡು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಜಾಣತನ ಬೇಡ. ಆಗಲೇ ಹೇಳಿದೆನಲ್ಲ, ನಡುನಡುವೆ ನಿಲ್ಲುತ್ತದೆ, ಲೆಕ್ಕ ತಪ್ಪುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ 60 ಇಲ್ಲವೇ ಅದಕ್ಕಿಂತ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ. ಮತ್ತೂ ಅಷ್ಟೇ ಬಂದರೆ ಆಸ್ಪತ್ರೆ. ಎರಡು ತಿಂಗಳಿಂದ ಒಂದು ವರ್ಷದ ತನಕ ಈ ಲೆಕ್ಕ 50, ಅಲ್ಲಿಂದ ಐದು ವರ್ಷದ ತನಕ 40.

ಎಣಿಸುವಾಗಲೇ ಪಕ್ಕೆ ನೋಡಿ. ಉಸಿರು ಎಳೆದಾಗ ಹೊಟ್ಟೆ ಉಬ್ಬಬೇಕು, ಜೊತೆಗೆ ಎದೆಗೂಡೂ ಏರಬೇಕು. ಹೊಟ್ಟೆ ಉಬ್ಬಿ, ಕೊನೆಯ ಪಕ್ಕೆಲುಬಿನ ಹತ್ತಿರ ಪ್ರತಿ ಉಸಿರಿಗೂ ಆಳವಾಗಿ ಗುಳಿ ಬಿದ್ದರೆ ಅದೇ ಪಕ್ಕೆ ಸೆಳೆತ. ಮೂಗಿನ ಹೊಳ್ಳೆ ಅರಳುವುದು, ಪ್ರತಿ ಸಲ ಉಸಿರು ಬಿಡುವಾಗಲೂ 'ಹ್ಞಂ... ಹ್ಞಂ...' ಅಂತ ನರಳುವುದು, ಹಾಲು ಬಿಡುವುದು, ಜ್ವರ ಬರುವುದು ಅಥವಾ ಮೈ ತಣ್ಣಗಾಗುವುದು, ಇವೂ ಅದೇ ಸಾಲಿನವು. ಒಂದಿದ್ದರೂ ಸಾಕು, ಬೆಳಗಾಗಲಿ ಅಂತ ಕಾಯಬೇಡಿ. ನಿದ್ದೆಯಲ್ಲಿ ಒಮ್ಮೊಮ್ಮೆ ಮುಖ ಕೆಂಪಗೆ ಮಾಡಿ ತಿಣುಕುವುದು, ಕೀಚುವುದು, ನಿಟ್ಟುಸಿರು ಬಿಡುವುದು ಬೇರೆ. ಎಳೆಗೂಸಿನ ನಿದ್ದೆಯಲ್ಲಿ ಹತ್ತಿರತ್ತಿರ ಅರ್ಧದಷ್ಟು ಇಂಥ ಗಲಾಟೆಯ ನಿದ್ದೆಯೇ.

ಗೊರ್ ಅಲ್ಲದೆ, ಉಸಿರು ಎಳೆಯುವಾಗ 'ಕೀಂ' ಅಂತ ಕೀರಲು ಸದ್ದು ಬರುವ ಕೂಸುಗಳೂ ಇವೆ. ಅಂಗಾತ ಮಲಗಿಸಿದರೆ, ಅತ್ತರೆ, ಹಾಲು ಕುಡಿಯುವಾಗ ಜಾಸ್ತಿ. ಹೆಚ್ಚಿನ ಸಲ ಇದು ಲ್ಯಾರಿಂಗೊಮಲೇಶಿಯಾ. ಧ್ವನಿಪೆಟ್ಟಿಗೆಯ ಮೇಲಿನ ಭಾಗ ಇನ್ನೂ ಮೆತ್ತಗಿರುತ್ತದೆ. ಉಸಿರು ಎಳೆದಾಗ ಒಳಕ್ಕೆ ಮಡಚಿಕೊಂಡು ಪೀಪಿಯಂತೆ ಊದುತ್ತದೆ. ಹುಟ್ಟಿದ ಕೆಲವೇ ವಾರದಲ್ಲಿ ಶುರುವಾಗಿ, ಕೆಲವು ತಿಂಗಳು ಜೋರಾಗಿ, ಒಂದೂವರೆ-ಎರಡು ವರ್ಷದ ಹೊತ್ತಿಗೆ ಬಹಳಷ್ಟು ಮಕ್ಕಳಲ್ಲಿ ತಾನಾಗಿಯೇ ಹೋಗುತ್ತದೆ. ಇಲ್ಲೂ ತೂಕವೇ ತೀರ್ಮಾನ. ತೂಕ ಏರುತ್ತಿಲ್ಲ, ಕುಡಿಯುವಾಗ ಕೆಮ್ಮುತ್ತದೆ, ನೀಲಿಯಾಗುತ್ತದೆ ಅಂದರೆ ಕಿವಿ-ಮೂಗು-ಗಂಟಲು ಡಾಕ್ಟರು ಸಣ್ಣ ಕ್ಯಾಮೆರಾ ಹಾಕಿ ನೋಡಬೇಕು. ಸದ್ದು ಕೀಂ ಅಂದರೆ ನೀವೇ ಹೆಸರಿಟ್ಟುಕೊಂಡು ಕೂರಬೇಡಿ, ಒಮ್ಮೆ ತೋರಿಸಿ.

ಆಸ್ತಮಾ ಅಂತ 35 ದಿನದ ಕೂಸಿಗೆ ಯಾರೂ ಹೇಳುವುದಿಲ್ಲ. ಹೇಳಿದವರ ಹತ್ತಿರ ಮತ್ತೆ ಹೋಗಬೇಡಿ.

ಮೊಸರನ್ನ. ನೀವು ತಿಂದ ಮೊಸರಿನ ತಂಪು ಎದೆಹಾಲಿಗೆ ಇಳಿಯುವುದಿಲ್ಲ. ಬರೀ ಸಾರನ್ನ, ಬೆಳ್ಳುಳ್ಳಿ ತಿನ್ನಿಸಿ ಬಾಣಂತಿಯನ್ನು ಸೊರಗಿಸುವುದಕ್ಕೆ ಕೂಸಿನ ಗೊರಕೆ ಒಂದು ನೆಪ. ತಿನ್ನಿ. ಅಮ್ಮ ಕೇಳಿದರೆ ಡಾಕ್ಟ್ರು ಹೇಳಿದ್ದಾರೆ ಅನ್ನಿ.

ಶಿಡ್ಲಘಟ್ಟದ ಕಡೆ ಅಂದಿರಿ. ಮನೆಯಲ್ಲಿ ರೇಷ್ಮೆ ಹುಳು ಇದೆಯಾ? ಇದ್ದರೆ, ಬೆಳೆ ಮುಗಿದು, ಹುಳು ಗೂಡು ಕಟ್ಟುವ ಚಂದ್ರಿಕೆ, ತಟ್ಟೆ ತೊಳೆದು ಬ್ಲೀಚಿಂಗ್ ಪೌಡರು, ಫಾರ್ಮಲಿನ್ ಹೊಡೆಯುವ ದಿನ ಕೂಸನ್ನು ಆ ಸೂರಿನ ಕೆಳಗೆ ಇಡಬೇಡಿ. ಘಾಟಿಗೆ ದೊಡ್ಡವರ ಕಣ್ಣಲ್ಲೇ ನೀರು ಬರುತ್ತದೆ. ನೀರು ಹಾಕಿದ ಮೇಲೆ ಬುಟ್ಟಿ ಮುಚ್ಚಿ ಸಾಂಬ್ರಾಣಿ ಹೊಗೆ ಕೊಡುವುದು, ರಾತ್ರಿ ಸೊಳ್ಳೆ ಬತ್ತಿ ಹಚ್ಚುವುದು, ಎರಡನ್ನೂ ಬಿಡಿ. ಸೊಳ್ಳೆ ಪರದೆ ಕಟ್ಟಿ. ಮೂಗು ಕಟ್ಟಲು ಹೊಗೆ ಹಾಕಿ, ಮೂಗು ಕಟ್ಟಿತು ಅಂತ ನನಗೆ ಬರೆದರೆ ನಾನೇನು ಮಾಡಲಿ?

ಮೂಗಿಗೆ ಎಣ್ಣೆ ಬಿಡುವವರಿಗೂ ಇಲ್ಲೇ ಹೇಳುತ್ತೇನೆ. ಕೊಬ್ಬರಿ ಎಣ್ಣೆ, ಹರಳೆಣ್ಣೆ, ಬೆಳ್ಳುಳ್ಳಿ ಕಾಯಿಸಿದ ಎಣ್ಣೆ, ಯಾವುದೂ ಬೇಡ. ಎಣ್ಣೆಗೆ ಕೆಮ್ಮು ಬರುವುದಿಲ್ಲ, ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಆಮೇಲೆ ಬರುವುದು ನಿಜವಾದ ನಿಮೋನಿಯಾ. ಮೆಡಿಕಲ್ ಶಾಪಿನಲ್ಲಿ 'ಮಕ್ಕಳ ಶೀತಕ್ಕೆ ಏನಾದರೂ ಕೊಡಿ' ಅಂತ ಸಿರಪ್ ತರುವುದೂ ಅಷ್ಟೇ ತಪ್ಪು. ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಸೇರಿದ ಶೀತದ ಔಷಧ 4 ವರ್ಷದೊಳಗಿನವರಿಗೆ ಬೇಡ ಅಂತ ಬಾಟಲಿ ಮೇಲೇ ಬರೆಯಬೇಕೆಂದು 2023ರಲ್ಲಿ ಕೇಂದ್ರದಿಂದ ಆದೇಶ ಬಂದಿದೆ. ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತ ಮೇಲೆ, 2025ರ ಅಕ್ಟೋಬರಿನಲ್ಲಿ, 2 ವರ್ಷದೊಳಗಿನವರಿಗೆ ಕೆಮ್ಮು-ಶೀತದ ಔಷಧ ಬರೆಯಲೂಬೇಡಿ, ಕೊಡಲೂಬೇಡಿ ಅಂತ ಮತ್ತೆ ಹೇಳಿದ್ದಾರೆ.

ಮಂತ್ರ ಹಾಕಿಸಿ, ಅಂತ್ರ ಕಟ್ಟಿಸಿ, ನನಗೆ ಜಗಳವಿಲ್ಲ. ಬರೆ ಹಾಕಿಸುವವರ ಜೊತೆ ಮಾತ್ರ ಜಗಳವಿದೆ. ಮೂರು ತಿಂಗಳ ಹೆಣ್ಣು ಕೂಸೊಂದು ಹೊಟ್ಟೆ ಮೇಲೆ ಮೂರು ಸುಟ್ಟ ಗೆರೆ ಹೊತ್ತು ನನ್ನ ಮೇಜಿನ ಮೇಲೆ ಬಂದಿತ್ತು. ಪಕ್ಕೆ ಸೆಳೆತ ಮೂರನೇ ದಿನ. ಮೊದಲ ಎರಡು ದಿನ ಬರೆ 'ಕೆಲಸ ಮಾಡಲಿ' ಅಂತ ಕಾದಿದ್ದರಂತೆ. ಕೂಸು ಉಳಿಯಿತು. ಗೆರೆಗಳೂ ಉಳಿದಿವೆ.

ಪ್ರಶ್ನೆ: ಮಗಳಿಗೆ 4 ವರ್ಷ. ದಿನಾ ರಾತ್ರಿ ಬಾಯಿ ತೆರೆದು ಗೊರಕೆ. ಒಳ್ಳೆ ನಿದ್ದೆ ಅಂತ ಖುಷಿಪಡಬಹುದಾ? (ಗೌರಿಬಿದನೂರು)

ಉತ್ತರ: ಬೇಡ. ಬಾಗೇಪಲ್ಲಿ ಕಡೆ ಇದಕ್ಕೆ 'ಗುರಕ' ಅಂತಾರೆ, ಅಲ್ಲೂ ಇದೇ ಖುಷಿ. ಈ ವಯಸ್ಸಿನಲ್ಲಿ ನೆಗಡಿ ಇಲ್ಲದೆಯೂ ವಾರಕ್ಕೆ ಮೂರು ರಾತ್ರಿಗಿಂತ ಹೆಚ್ಚು ಗೊರಕೆ ಹೊಡೆದರೆ ತೋರಿಸಬೇಕು. ಮೂಗಿನ ಹಿಂದಿನ ಅಡಿನಾಯ್ಡ್ ಅನ್ನುವ ಗ್ರಂಥಿ ಅಥವಾ ಗಂಟಲಿನ ಟಾನ್ಸಿಲ್ ದಪ್ಪಗಾಗಿರಬಹುದು. ಕುತ್ತಿಗೆ ಹಿಂದಕ್ಕೆ ಚಾಚಿ ಮಲಗುತ್ತಾಳಾ, ಬೆವರುತ್ತಾಳಾ, ಗೊರಕೆ ನಡುವೆ ಉಸಿರು ಕಟ್ಟಿ ಬೆಚ್ಚುತ್ತಾಳಾ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗಿದೆಯಾ ನೋಡಿ ಬರೆದುಕೊಂಡು ಬನ್ನಿ. ಎಲ್ಲರಿಗೂ ಆಪರೇಷನ್ ಬೇಕಾಗುವುದಿಲ್ಲ. ಬೇಕಾದವರಿಗೆ ಮಾಡಿಸದೆ ಇದ್ದರೆ ಓದು, ಬೆಳವಣಿಗೆ ಎರಡೂ ಕುಂಟುತ್ತವೆ.

ಪ್ರಶ್ನೆ: ಎದೆಗೆ ವಿಕ್ಸ್, ತಲೆ ಹತ್ತಿರ ಕರ್ಪೂರದ ಗಂಟು?

ಉತ್ತರ: ಎರಡು ವರ್ಷದ ತನಕ ಎರಡೂ ಬೇಡ. ಕರ್ಪೂರ ಹೆಚ್ಚಾದರೆ ಫಿಟ್ಸ್ ಬರುತ್ತದೆ.

ಪ್ರಶ್ನೆ: ತಲೆ ದುಂಡಗಾಗಲಿ, ಗೊರಕೆಯೂ ನಿಲ್ಲಲಿ ಅಂತ ರಾಗಿ ದಿಂಬು ಹೊಲಿಸಿದ್ದೇವೆ.

ಉತ್ತರ: ಬಿಚ್ಚಿ ರಾಗಿ ಮುದ್ದೆ ಮಾಡಿಕೊಳ್ಳಿ. ಒಂದು ವರ್ಷದ ತನಕ ದಿಂಬು ಬೇಡ, ಸಮತಟ್ಟಾದ ಹಾಸಿಗೆ, ಅಂಗಾತ ಮಲಗಿಸುವುದು.

ಪ್ರಶ್ನೆ: ಆನ್‌ಲೈನಿನಲ್ಲಿ ನೆಬ್ಯುಲೈಸರ್ (ಔಷಧವನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ಯಂತ್ರ) ತರಿಸಿದ್ದೇವೆ. ಗೊರ್ ಅಂದಾಗ ಹಾಕಬಹುದಾ?

ಉತ್ತರ: ಅದರೊಳಗೆ ಯಾವ ಔಷಧ ಹಾಕಬೇಕು ಅಂತ ಗೊತ್ತಾ? ಗೊತ್ತಿಲ್ಲದಿದ್ದರೆ ಡಬ್ಬಿಯಲ್ಲೇ ಇರಲಿ.

ಪ್ರಶ್ನೆ: ಡಾಕ್ಟ್ರೇ, ಕೂಸಿಗಿಂತ ನಮ್ಮ ಯಜಮಾನರ ಗೊರಕೆಯೇ ಜೋರು. ಏನಾದರೂ ಹೇಳಿ.

ಉತ್ತರ: ನಾನು ಮಕ್ಕಳ ಡಾಕ್ಟ್ರು. ಬೀಡಿ, ಸಿಗರೇಟು ಸೇದುತ್ತಾರಾದರೆ ಮಾತ್ರ ನನ್ನ ವಿಷಯ. ಸೇದಿ ಬಂದು ಕೂಸಿನ ಪಕ್ಕ ಮಲಗುವ ಹಾಗಿಲ್ಲ, ಅವರ ಹಾಸಿಗೆ ಪಡಸಾಲೆಗೆ ಹಾಕಿ.