ಏಲಕ್ಕಿಯ ದೇಶದಲ್ಲಿ ಕೊಲೆಗೆ ಶಿಕ್ಷೆಯೇ ಇಲ್ವಾ?

ಪ್ರಶ್ನೆ: ಅಕ್ಕನ ಮಗ ದುಬೈಲಿ ಮಸಾಲೆ ಕಂಪೆನಿಲಿ ಇದ್ದಾನೆ, ಈಗ ಏಲಕ್ಕಿ ಖರೀದಿಗೆ ಗ್ವಾಟೆಮಾಲಾಕ್ಕೆ ಹೋಗ್ಬೇಕಂತೆ. ಅಲ್ಲಿ ಕೊಲೆ ಮಾಡಿದವ್ರಿಗೆ ಶಿಕ್ಷೆಯೇ ಆಗೋದಿಲ್ಲ ಅಂತ ಯಾರೋ ಹೇಳಿದ್ದಾರೆ, ಅಕ್ಕ ಊಟ ಬಿಟ್ಟು ಕೂತಿದ್ದಾಳೆ. ಪೊಲೀಸು ಕೋರ್ಟು ಎಂತದೂ ಇಲ್ವಾ ಅಲ್ಲಿ?
– ಓದುಗರು, ಬಂದರು, ಮಂಗಳೂರು

ಉತ್ತರ: ಎಲ್ಲಾ ಉಂಟು ಮಾರಾಯ್ರೆ. ಅಕ್ಕನಿಗೆ ಮೊದ್ಲು ಊಟ ಮಾಡ್ಲಿಕ್ಕೆ ಹೇಳಿ, ಜಗತ್ತಿಗೆ ಅತಿ ಹೆಚ್ಚು ಏಲಕ್ಕಿ ಕಳಿಸೋ ದೇಶ ಅದು, ವ್ಯಾಪಾರಕ್ಕೆ ಜನ ಹೋಗಿ ಬರ್ತಾ ಇರ್ತಾರೆ, ಹುಡುಗ ರಾತ್ರಿ ಒಬ್ಬನೇ ತಿರುಗೋದು ಬೇಡ ಅಷ್ಟೆ. ಆದ್ರೆ ಕೇಳಿದ ಸುದ್ದಿ ಪೂರ್ತಿ ಸುಳ್ಳೂ ಅಲ್ಲ. 1960ರಿಂದ 1996ರವರೆಗೆ ಅಲ್ಲಿ ಅಂತರ್ಯುದ್ಧ, ಸುಮಾರು ಎರಡು ಲಕ್ಷ ಜನ ಸತ್ರು ಇಲ್ಲಾ ಕಾಣೆಯಾದ್ರು, ಹೆಚ್ಚಿನವ್ರು ಅಲ್ಲಿನ ಮೂಲನಿವಾಸಿ ಮಾಯಾ ಜನ, ಕೊಂದದ್ದು ಹೆಚ್ಚಾಗಿ ಸೈನ್ಯದವ್ರೇ. ಬಿಷಪ್ ಹುವಾನ್ ಹೆರಾರ್ಡಿ ಊರೂರಿಂದ ಸಾಕ್ಷಿ ಹೇಳಿಕೆ ಸೇರಿಸಿ 1998ರ ಏಪ್ರಿಲ್ 24ಕ್ಕೆ ವರದಿ ಹೊರಗೆ ತಂದ್ರು. 26ರ ರಾತ್ರಿ ಮನೆಗೆ ವಾಪಸ್ ಬಂದವ್ರನ್ನ ಗ್ಯಾರೇಜಲ್ಲೇ ಕಾಂಕ್ರೀಟ್ ತುಂಡಿಂದ ತಲೆ ಜಜ್ಜಿ ಕೊಂದ್ರು. ಎರಡೇ ದಿನ!

ಆ ಕೇಸು 2001ರಲ್ಲಿ ವಿಚಾರಣೆಗೆ ಬರೋ ಹೊತ್ತಿಗೆ ಜಡ್ಜ್ ಯಾಸ್ಮಿನ್ ಬಾರಿಯೋಸ್ ಮನೆಗೆ ಗ್ರೆನೇಡ್ ಎಸೆದ್ರು. ನಮ್ಮಲ್ಲಿ ಆಕ್ಸಿಡೆಂಟ್ ಕಂಡವ ಸಾಕ್ಷಿಗೆ ಕರೀತಾರೆ ಅಂತ ಮೆಲ್ಲ ಜಾಗ ಖಾಲಿ ಮಾಡ್ತಾನಲ್ಲ, ಅಲ್ಲಿ ಹೆದರಿಕೆ ಕೋರ್ಟಿಗೆ ಅಲೆಯೋದರದ್ದಲ್ಲ, ಜೀವದ್ದು. ಆದ್ರೂ ಮೂವರು ಮಿಲಿಟರಿಯವ್ರಿಗೂ ಒಬ್ಬ ಪಾದ್ರಿಗೂ ಶಿಕ್ಷೆ ಆಯ್ತು. ಇದೇ ಅಮ್ಮ 2013ರಲ್ಲಿ ಹಳೇ ಸರ್ವಾಧಿಕಾರಿ ರಿಯೋಸ್ ಮೊಂಟ್‌ಗೆ ನರಮೇಧದ ಕೇಸಲ್ಲಿ 80 ವರ್ಷ ಜೈಲು ಬರೆದ್ರು, ಹತ್ತೇ ದಿನದಲ್ಲಿ ಮೇಲಿನ ಕೋರ್ಟು ರದ್ದು ಮಾಡ್ತು, ಮುದುಕ 2018ರಲ್ಲಿ ಮನೇಲೇ ಸತ್ತ.

ಪ್ರಶ್ನೆ: ಹೊರಗಿನವ್ರು ಬಂದು ತನಿಖೆ ಮಾಡಿದ್ರೆ ಸರಿ ಆಗ್ತದಾ?
– ಓದುಗರು, ಮಲ್ಪೆ

ಉತ್ತರ: ಅದನ್ನೂ ಮಾಡಿ ನೋಡಿದ್ದಾರೆ. 2007ರಲ್ಲಿ ವಿಶ್ವಸಂಸ್ಥೆ ಬೆಂಬಲದ ಆಯೋಗ ಬಂತು. 2009ರಲ್ಲಿ ರೋಸೆನ್‌ಬರ್ಗ್ ಅನ್ನೋ ವಕೀಲ ಗುಂಡಿಗೆ ಸತ್ತ, ನಾನು ಸತ್ರೆ ಅಧ್ಯಕ್ಷರೇ ಕಾರಣ ಅಂತ ವೀಡಿಯೊ ಮಾಡಿಟ್ಟಿದ್ದ, ಸರ್ಕಾರವೇ ಬೀಳುವ ಹಾಗಾಯ್ತು. ಆಯೋಗದವ್ರು ಫೋನ್ ದಾಖಲೆ ಎಲ್ಲ ಜಾಲಾಡಿ ನೋಡಿದ್ರೆ ತನ್ನನ್ನು ಕೊಲ್ಲಿಸ್ಲಿಕ್ಕೆ ಏರ್ಪಾಡು ಮಾಡಿದ್ದು ಅವನೇ! ಊರ ಪೊಲೀಸ್ರು ಹೇಳಿದ್ರೆ ಯಾರು ನಂಬ್ತಿದ್ರು? 2015ರಲ್ಲಿ ಕಸ್ಟಮ್ಸ್ ಹಗರಣ ಹಿಡಿದು ಅಧ್ಯಕ್ಷ ಪೆರೆಸ್ ಮೊಲಿನಾ ರಾಜೀನಾಮೆ ಕೊಡೋ ಹಾಗೂ ಮಾಡಿದ್ರು. ತನಿಖೆ ಮುಂದಿನ ಅಧ್ಯಕ್ಷ ಜಿಮ್ಮಿ ಮೊರಾಲೆಸ್ ಬುಡಕ್ಕೇ ಬಂದಾಗ ಅವ್ರು ಆಯೋಗದ ಅವಧಿ ಮುಂದುವರಿಸ್ಲಿಲ್ಲ, 2019ರಲ್ಲಿ ಬಾಗಿಲು ಹಾಕಿತು. ಜೊತೆಗೆ ದುಡಿದ ಪ್ರಾಸಿಕ್ಯೂಟರ್‌ಗಳು, ಜಡ್ಜ್‌ಗಳು ಹಲವರು ಆಮೇಲೆ ದೇಶ ಬಿಟ್ಟೇ ಹೋಗ್ಬೇಕಾಯ್ತು.